ಕುತ್ತಿಗೆ ನೋವಿನ ಜೊತೆ ಜೋಲಿಯೂ ಹೊಡೆಯುತ್ತಿದ್ದರೆ

ತಿಂಗಳುಗಟ್ಟಲೆ ಕುತ್ತಿಗೆ ನೋಯುವ ಹಲವರಿಗೆ ನಡೆಯುವಾಗ ತೇಲಿದಂತಾಗುತ್ತದೆ, ಕತ್ತಲಲ್ಲಿ ಆಯ ತಪ್ಪುತ್ತದೆ. ತಲೆಬುರುಡೆಯ ಬುಡದ ಪುಟ್ಟ ಸ್ನಾಯುಗಳು ತಲೆ ಯಾವ ಕಡೆಗಿದೆ ಎಂದು ಮಿದುಳಿಗೆ ತಿಳಿಸುತ್ತಿರುತ್ತವೆ. ನೋವಿನಿಂದ ಆ ಸುದ್ದಿ ಕೆಟ್ಟರೆ ಕಣ್ಣು, ಒಳಗಿವಿ ಹೇಳುವುದಕ್ಕೆ ಅದು ತಾಳೆಯಾಗದು. ಹಾಗಾಗಿ ಒಂಟಿಕಾಲಲ್ಲಿ ನಿಲ್ಲುವುದರಿಂದ ಶುರು ಮಾಡಲೇಬೇಡಿ. ಮೊದಲು ಕುತ್ತಿಗೆಯನ್ನು ಪಳಗಿಸಿ.

ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಅಥವಾ ಕೈಕಾಲಿನ ಜೋಮು ಇದ್ದರೆ ವ್ಯಾಯಾಮವಲ್ಲ, ತಕ್ಷಣ ಆಸ್ಪತ್ರೆ. ಮಗ್ಗುಲು ಬದಲಿಸಿದಾಗ ಮಾತ್ರ ಕೆಲವು ಸೆಕೆಂಡ್ ಗಿರ್ರನೆ ಸುತ್ತಿದರೆ ಅದು ಹೆಚ್ಚಾಗಿ ಒಳಗಿವಿಯ ತೊಂದರೆ, ಅದರ ಚಿಕಿತ್ಸೆಯೇ ಬೇರೆ.

1. ಅಂಗಾತ ಮಲಗಿ, ತಲೆಯಡಿ ಮಡಚಿದ ಟವೆಲ್ ಇಡಿ. ತಲೆ ಎತ್ತದೆ, ‘ಹೂಂ’ ಎನ್ನುವಷ್ಟೇ ಗದ್ದ ಒಳಗೆಳೆದು 10 ಸೆಕೆಂಡ್ ಹಿಡಿಯಿರಿ. 10 ಸಲ. ಕುತ್ತಿಗೆಯ ಪಕ್ಕದ ಸ್ನಾಯು ಹಗ್ಗದಂತೆ ಉಬ್ಬಿದರೆ ಜೋರಾಯಿತು.

2. ಎಲ್ಲರೂ ಕೆಡಿಸುವುದು ಇಲ್ಲೇ. ಸಣ್ಣ ಲೇಸರ್ ಟಾರ್ಚನ್ನು ಎಲಾಸ್ಟಿಕ್ ಪಟ್ಟಿಯಿಂದ ಹಣೆಗೆ ಬಿಗಿಯಿರಿ. ಕೂದಲ ಮೇಲೆ ಕಟ್ಟಿದರೆ ಜಾರಿ ಲೆಕ್ಕ ತಪ್ಪುತ್ತದೆ. ಎದುರಿಗೆ ಕನ್ನಡಿ, ಮಕ್ಕಳು ಇರಬಾರದು. ಗೋಡೆಯಿಂದ ತಲೆ 90 ಸೆಂ.ಮೀ. ದೂರವಿರುವಂತೆ ಕುಳಿತು, ಚುಕ್ಕೆ ಬಿದ್ದಲ್ಲಿ ಗುರುತು ಹಾಕಿ. ಕಣ್ಣು ಮುಚ್ಚಿ, ನೋಯದಷ್ಟು ತಲೆಯನ್ನು ಬಲಕ್ಕೆ ತಿರುಗಿಸಿ, ಮೊದಲಿನ ಜಾಗಕ್ಕೆ ಬಂದೆ ಅನ್ನಿಸಿದ ಮೇಲೆ ತಲೆಯನ್ನು ಪೂರ್ತಿ ನಿಲ್ಲಿಸಿ ಕಣ್ಣು ತೆರೆಯಿರಿ. ಚುಕ್ಕೆ ಎಷ್ಟು ದೂರ ಹೋಗಿದೆ ಅಳೆಯಿರಿ. ಮತ್ತೆ ಮತ್ತೆ 7 ಸೆಂ.ಮೀ.ಗಿಂತ ಹೆಚ್ಚು, ಅಂದರೆ ಸುಮಾರು 4.5 ಡಿಗ್ರಿ ತಪ್ಪುತ್ತಿದ್ದರೆ ಕುತ್ತಿಗೆಯ ಅಂದಾಜು ಕೆಟ್ಟಿದೆ. ಚುಕ್ಕೆಯನ್ನು ಗುರುತಿಗೆ ತಂದು, ಆ ಭಂಗಿಯನ್ನು ಕ್ಷಣಹೊತ್ತು ಗಮನಿಸಿ ಮುಂದುವರಿಸಿ. ಎಡ, ಬಲ, ಮೇಲೆ, ಕೆಳಗೆ ತಲಾ 6 ಸಲ. ಸರ್ರನೆ ತಿರುಗಿದರೆ ಒಳಗಿವಿಯೇ ಸುಳಿವು ಕೊಟ್ಟುಬಿಡುತ್ತದೆ, ಕುತ್ತಿಗೆ ಕಲಿಯುವುದಿಲ್ಲ. ತಿರುಗುವ ಕುರ್ಚಿಯೂ ಬೇಡ, ಭುಜವೂ ಜೊತೆಗೆ ತಿರುಗಿಬಿಡುತ್ತದೆ.

ಕಟಿಂಗ್ ಅಂಗಡಿಯಲ್ಲಿ ಲಟಕ್ಕನೆ ಕುತ್ತಿಗೆ ನೆಟಿಗೆ ತೆಗೆಸುವುದನ್ನು ಇವತ್ತೇ ನಿಲ್ಲಿಸಿ. ಮಿದುಳಿಗೆ ಹೋಗುವ ರಕ್ತನಾಳ ಸೀಳುವ ಅಪಾಯವಿದೆ. ಇಡೀ ದಿನ ಕಾಲರ್ ಹಾಕಿದರೆ ಸ್ನಾಯು ಇನ್ನಷ್ಟು ಸೋಮಾರಿಯಾಗುತ್ತದೆ.

3. ಚಾಚಿದ ಕೈಯ ಹೆಬ್ಬೆರಳಿನ ಉಗುರಲ್ಲಿ ಕಣ್ಣು ನೆಟ್ಟು ತಲೆಯನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸಿ, 10 ಸಲ.

4. ಈಗ ಕಾಲಿನ ಸರದಿ. ಅಡುಗೆ ಕಟ್ಟೆಯ ಪಕ್ಕ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 30 ಸೆಕೆಂಡ್ ನಿಲ್ಲಿ. ಸಲೀಸಾದರೆ ನಿಂತೇ ತಲೆ ತಿರುಗಿಸಿ, ಆಮೇಲೆ ಮಡಚಿದ ಕಂಬಳಿಯ ಮೇಲೆ. ದುಬಾರಿ ಅಲುಗುವ ಹಲಗೆ ಬೇಕಿಲ್ಲ. ಮರುದಿನ ನೋವು ಹೆಚ್ಚಿದ್ದರೆ ಎಣಿಕೆ ಅರ್ಧಕ್ಕಿಳಿಸಿ.