ಹಗ್ಗ ಕಡಿದದ್ದು ಎಲ್ಲಿ ಬರೆದಿದೆ?

ಕುಂಬಳೆ ಕಡೆ ಆಧಾರ ಬರೆಯುವುದು ನನ್ನ ಕಸುಬು. ಜಾಗದ ಕ್ರಯ, ದಾನ, ಪಾಲು, ಇಂಥವುಗಳ ಪತ್ರ. ಭಾನುವಾರ ಮಾತ್ರ ಸಂಡೇ ಸ್ಕೂಲ್ ಮಾಸ್ಟ್ರು. ಈ ಎರಡು ಕೆಲಸಕ್ಕೆ ಸಂಬಂಧ ಇದೆ ಅಂತ ಗೊತ್ತಾದದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗಿಯಿಂದ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಸಾವಿನ ಪಾಠ. ಬೈಬಲಿನ ಮತ್ತಾಯ ಪುಸ್ತಕದ 27ನೇ ಅಧ್ಯಾಯದಲ್ಲಿ ಅವನು ಉರುಲು ಹಾಕಿಕೊಂಡು ಸಾಯುತ್ತಾನೆ. ಅದೇ ಬೈಬಲಿನ ಇನ್ನೊಂದು ಪುಸ್ತಕ ಅಪೊಸ್ತಲರ ಕೃತ್ಯಗಳು 1ರಲ್ಲಿ ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆಯುತ್ತದೆ. ನನ್ನ ಹತ್ತಿರ ಉತ್ತರ ಸಿದ್ಧ ಇತ್ತು: ನೇಣು ಹಾಕಿಕೊಂಡ, ಆಮೇಲೆ ಹಗ್ಗ ಕಡಿದು ಬಿದ್ದ. ನನಗೂ ಚಿಕ್ಕಂದಿನಲ್ಲಿ ಹಾಗೇ ಹೇಳಿದ್ದರು. ಹುಡುಗಿ ಎರಡೂ ಕಡೆ ಬೆರಳಿಟ್ಟು ಓದಿ, "ಹಗ್ಗ ಕಡಿದದ್ದು ಎಲ್ಲಿ ಬರೆದಿದೆ ಮಾಸ್ಟ್ರೇ?" ಅಂದಳು.

ಎಲ್ಲೂ ಬರೆದಿಲ್ಲ. ಆಧಾರದಲ್ಲಿ ಇಲ್ಲದ ನಾಲ್ಕು ಸೆಂಟ್ಸ್ ಜಾಗವನ್ನು ನಾನಾಗಿ ಸೇರಿಸಿದರೆ ಕೇಸು ಬೀಳುತ್ತದೆ. ಇಲ್ಲಿ ಮಾತ್ರ ಸುಮ್ನೆ ಒಂದು ಹಗ್ಗ ಸೇರಿಸಿಬಿಟ್ಟಿದ್ದೆ.

ಮುಂದಿನ ವಾರ ಇನ್ನೂರು ಪುಟದ ನೋಟ್‌ಬುಕ್ ತಂದೆ. ನಡುವೆ ಗೆರೆ. ಎಡಕ್ಕೆ ಒಂದು ಪುಸ್ತಕದ ಮಾತು, ಬಲಕ್ಕೆ ಇನ್ನೊಂದರದ್ದು. ಬರೆದಿರುವುದಷ್ಟೇ. ಹಿಂದಿನ ಆಧಾರದ ಜೊತೆ ಹೊಸದನ್ನು ತಾಳೆ ನೋಡುವಾಗ ನಾನು ಮಾಡುವುದೂ ಇದೇ.

ಹಾಗೆ ನೋಡಿದಾಗ ಯೂದನ ಹೊಲವೂ ಎದ್ದು ಬಂತು. ಮತ್ತಾಯದಲ್ಲಿ ಅವನು ಎಸೆದು ಹೋದ ಬೆಳ್ಳಿ ನಾಣ್ಯಗಳಿಂದ ಮಹಾಯಾಜಕರು ಕುಂಬಾರನ ಹೊಲ ಕೊಳ್ಳುತ್ತಾರೆ. ಕೃತ್ಯಗಳಲ್ಲಿ ಯೂದನೇ ಕೊಂಡ ಎಂದಿದೆ. ಇದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಗಲ್ಫಿನಿಂದ ಮಗ ದುಡ್ಡು ಕಳಿಸುತ್ತಾನೆ, ಇಲ್ಲಿ ಸಹಿ ಹಾಕುವುದು ಅಪ್ಪ. ಊರಿನವರ ಬಾಯಲ್ಲಿ ಅದು ಮಗ ತೆಗೆದ ಜಾಗ. ಆದರೆ ಅದಕ್ಕೆ 'ರಕ್ತದ ಹೊಲ' ಅಂತ ಹೆಸರು ಬರಲು ಎರಡು ಪುಸ್ತಕಗಳು ಕೊಡುವ ಕಾರಣ ಬೇರೆ ಬೇರೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಎರಡನ್ನೂ ಬರೆದಿಟ್ಟೆವು.

ಮಕ್ಕಳಿಗೆ ಜಾಸ್ತಿ ಖುಷಿ ಕೊಟ್ಟದ್ದು ಅರಸ ಅಹಜ್ಯ. ಅವನ ಅಪ್ಪ ಯೆಹೋರಾಮ 32ಕ್ಕೆ ಪಟ್ಟವೇರಿ 8 ವರ್ಷ ಆಳಿ ಸತ್ತ. ಅಂದರೆ 40. ಕೂಡಲೇ ಕಿರಿಮಗ ಅಹಜ್ಯ ಅರಸನಾದ. 2 ಅರಸುಗಳು 8ರಲ್ಲಿ ಆಗ ಅವನಿಗೆ 22 ವರ್ಷ. 2 ಪೂರ್ವಕಾಲವೃತ್ತಾಂತ 22ರ ಹೀಬ್ರೂ ಪಾಠದಲ್ಲಿ 42! ಅಪ್ಪನಿಗಿಂತ ಮಗ ಎರಡು ವರ್ಷ ದೊಡ್ಡವನು. ಒಬ್ಬ ಹುಡುಗ ಮೊಬೈಲ್ ತೆಗೆದು ನೋಡಿದ. ಇಂಗ್ಲಿಷಿನ ಹಳೆಯ ಅನುವಾದ ಕಿಂಗ್ ಜೇಮ್ಸ್‌ನಲ್ಲಿ 42, ಹೊಸ ಅನುವಾದ ಎನ್‌ಐವಿಯಲ್ಲಿ 22, ಕೆಳಗೆ ಅಡಿಟಿಪ್ಪಣಿ. ನಕಲು ಮಾಡುವವನ ಕೈ ಜಾರಿರಬೇಕು. ಬೆಳಗ್ಗಿಂದ ಸರ್ವೆ ನಂಬ್ರ ಬರೆದು ಬರೆದು ನನ್ನ ಕೈಯೂ ಜಾರಿದ್ದುಂಟು.

1978ರ ಚಿಕಾಗೋ ಹೇಳಿಕೆ, ಅಂದರೆ ಬೈಬಲ್ ದೋಷರಹಿತ ಎನ್ನುವವರ ಮುಖ್ಯ ಹೇಳಿಕೆ, ಇಂಥದ್ದಕ್ಕೆ ಜಾಗ ಬಿಟ್ಟಿದೆ. ದೈವಪ್ರೇರಣೆ ಎಂಬ ಮಾತು ಕಟ್ಟುನಿಟ್ಟಾಗಿ ಅನ್ವಯಿಸುವುದು ಮೂಲ ಬರಹಕ್ಕೆ ಮಾತ್ರ ಅನ್ನುತ್ತದೆ. ಸರಿ, ಆದರೆ ಆ ಮೂಲ ಯಾರ ಪೆಟ್ಟಿಗೆಯಲ್ಲಿದೆ? ನಮ್ಮ ಕೈಯಲ್ಲಿರುವುದೆಲ್ಲ ನಕಲು.

ನಕಲಿನ ಮೇಲೆ ಹಾಕಲಾಗದ ತಪ್ಪೂ ಇದೆ, ಅಲ್ವಾ? ಅರಸ ದಾವೀದನ ಜನಗಣತಿ ನೋಡಿ. 2 ಸಮುವೇಲ 24ರಲ್ಲಿ ಎಣಿಸು ಎಂದು ಪ್ರೇರಿಸುವವನು ಯೆಹೋವ. 1 ಪೂರ್ವಕಾಲವೃತ್ತಾಂತ 21ರಲ್ಲಿ ಸೈತಾನ. ಇದು ಕೈ ಜಾರಿದ್ದಲ್ಲ. ಎಷ್ಟೋ ಕಾಲದ ನಂತರ ಪೂರ್ವಕಾಲವೃತ್ತಾಂತ ಬರೆದವನು ಬೇಕೆಂದೇ ಬದಲಿಸಿದ್ದಾನೆ ಅಂತ ನನಗನಿಸುತ್ತದೆ. ದೇವರು ಬಿಟ್ಟುಕೊಟ್ಟ, ಸೈತಾನ ಮಾಡಿದ ಎಂದು ನಮ್ಮ ಸಭಾಪಾಲಕರು ವಿವರಿಸಿದರು. ಇರಬಹುದು. ನನಗೆ ಅದೂ ಇನ್ನೊಂದು ಹಗ್ಗದ ಹಾಗೆ ಕಂಡಿತು. ತಿದ್ದುಪಡಿ ಆಧಾರ ಬರೆದಾಗ ಹಳೆಯದನ್ನು ಯಾರೂ ಹರಿದು ಹಾಕುವುದಿಲ್ಲ, ರಿಜಿಸ್ಟ್ರಿಯಲ್ಲಿ ಎರಡೂ ಉಳಿಯುತ್ತವೆ. ಬೈಬಲ್ ಒಟ್ಟುಮಾಡಿದವರೂ ಸಮುವೇಲನನ್ನು ಹರಿದು ಹಾಕಲಿಲ್ಲ.

'ಒಂದಕ್ಷರ ತಪ್ಪಿಲ್ಲ' ಎಂದು ನಾನೀಗ ಪಾಠದಲ್ಲಿ ಹೇಳುವುದಿಲ್ಲ. ಸಭೆಯ ಹಿರಿಯರೊಬ್ಬರಿಗೆ ಇದರಿಂದ ಬೇಸರವಾಗಿದೆ. ಎದುರು ಸಿಕ್ಕರೆ ಮಾತಾಡುತ್ತಾರೆ, ಮೊದಲಿನಷ್ಟಲ್ಲ.

ಈಸ್ಟರ್ ಹತ್ತಿರ ಬಂದಾಗ ಯೇಸುವಿನ ಸಮಾಧಿಯ ಬಳಿ ಹೆಂಗಸರಿಗೆ ಕಂಡದ್ದು ಯಾರು ಅಂತ ಬರೆಯಲು ಕೂತೆವು. ಮಾರ್ಕನಲ್ಲಿ ಒಬ್ಬ ಯುವಕ, ಲೂಕನಲ್ಲಿ ಇಬ್ಬರು ಗಂಡಸರು, ಮತ್ತಾಯನಲ್ಲಿ ಒಬ್ಬ ದೇವದೂತ, ಯೋಹಾನನಲ್ಲಿ ಇಬ್ಬರು. ಒಂದು ಗೆರೆ ಸಾಕಾಗಲಿಲ್ಲ. ಹುಡುಗಿ ನೋಟ್‌ಬುಕ್ಕನ್ನು ಅಡ್ಡ ತಿರುಗಿಸಿ, ಸ್ಕೇಲ್ ಇಟ್ಟು ಮೂರು ಗೆರೆ ಎಳೆದಳು.