ಕ್ಯಾರೆಟ್ ಕಹಿಯಾಗಲು ಸೇಬು ಕಾರಣ

ಫ್ರಿಜ್‌ನ ತರಕಾರಿ ಡ್ರಾಯರ್‌ನಲ್ಲಿಟ್ಟ ಕೊತ್ತಂಬರಿ ಸೊಪ್ಪು ಬೇಗನೆ ಹಳದಿಯಾಗುತ್ತಿತ್ತು. ಎಳೆ ಸೌತೆಕಾಯಿಯೂ ಹಾಗೆಯೇ. ಕ್ಯಾರೆಟ್ ಮಾತ್ರ ನೋಡಲು ಚೆನ್ನಾಗಿರುತ್ತಿತ್ತು, ಕೋಸಂಬರಿಗೆ ತುರಿದರೆ ಕಹಿ.

ಸೊಪ್ಪನ್ನು ಪತ್ರಿಕೆಯಲ್ಲಿ ಸುತ್ತಿಟ್ಟೆ, ಅಂಗಡಿ ಬದಲಿಸಿದೆ, ತಂಪು ಹೆಚ್ಚಿಸಿದೆ. ತಂಪು ಹೆಚ್ಚಿಸಿದ್ದರಿಂದ ಸೌತೆಕಾಯಿ ನೀರೊಡೆದದ್ದಷ್ಟೇ ಲಾಭ.

ಅದೇ ಡ್ರಾಯರ್‌ನಲ್ಲಿ ಸೇಬು ಇರುತ್ತಿತ್ತು. ಸೇಬು ಎಥಿಲೀನ್ ಅನಿಲವನ್ನು ಧಾರಾಳವಾಗಿ ಬಿಡುವ ಹಣ್ಣು. ಪೆಟ್ಟು ಬಿದ್ದದ್ದು ಇನ್ನೂ ಹೆಚ್ಚು ಬಿಡುತ್ತದೆ. ಈ ಅನಿಲ ಸೊಪ್ಪಿನ ಹಸಿರನ್ನು ಕೆಡಿಸುತ್ತದೆ, ಕ್ಯಾರೆಟ್‌ನಲ್ಲಿ ಐಸೊಕೂಮರಿನ್ ಎಂಬ ಕಹಿ ವಸ್ತುವನ್ನು ಹುಟ್ಟಿಸುತ್ತದೆ.

ಸೇಬನ್ನು ಫ್ರಿಜ್‌ನ ಬೇರೆ ಅರೆಗೆ ಸರಿಸಿದರೆ ಸಾಲದು, ಫ್ರಿಜ್‌ನೊಳಗೆ ಗಾಳಿ ಸುತ್ತುತ್ತಲೇ ಇರುತ್ತದೆ. ಮೊದಲು ಡ್ರಾಯರ್ ಖಾಲಿ ಮಾಡಿ, ಒರೆಸಿ, ಒಣಗಲು ಬಿಟ್ಟೆ. ಸೇಬನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಮೇಲಿನ ಅರೆಯಲ್ಲಿಟ್ಟೆ. ಪೆಟ್ಟು ಬಿದ್ದವನ್ನು ಅಂದೇ ತಿಂದು ಮುಗಿಸುವುದು. ಬಾಳೆಹಣ್ಣು, ಟೊಮೆಟೊ ಫ್ರಿಜ್‌ನಿಂದ ಹೊರಗೆ, ಅಡುಗೆಮನೆಯ ಕಟ್ಟೆಯ ಮೇಲೆ. ಡ್ರಾಯರ್‌ನಲ್ಲಿ ಈಗ ಸೊಪ್ಪು ಮತ್ತು ಎಲೆ ಕತ್ತರಿಸಿದ ಕ್ಯಾರೆಟ್ ಮಾತ್ರ, ಅದರ ಗಾಳಿಕಿಂಡಿ ಮುಚ್ಚಿದೆ, ಉಷ್ಣತೆ 4 ಡಿಗ್ರಿ ಸೆಲ್ಸಿಯಸ್. ಸೌತೆಕಾಯಿಗೆ ಅಷ್ಟು ತಂಪು ಆಗದು, ಅದು ಬಾಗಿಲಿನ ಅರೆಯಲ್ಲಿದೆ.

ಆಗಲೇ ಕಹಿಯಾದ ಕ್ಯಾರೆಟ್ ಇದರಿಂದ ಸರಿಹೋಗುವುದಿಲ್ಲ. ಕಹಿ ಸಿಪ್ಪೆಯಲ್ಲೇ ಹೆಚ್ಚಾದ್ದರಿಂದ ದಪ್ಪಗೆ ಹೆರೆದು ಸಾಂಬಾರಿಗೆ ಹಾಕಬಹುದು.