ಅಮೆರಿಕದ ಹಳ್ಳಿ ಕಡೆ ಮನೆ ಮಾಡೋ ಮುಂಚೆ ಶಾಲೆ ನೋಡಿ

ಆಸ್ಪತ್ರೆ ಕೆಲಸಕ್ಕೋ ಕಾಲೇಜು ಕೆಲಸಕ್ಕೋ ಅಮೆರಿಕದ ಸಣ್ಣ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಹೊರಟಿದ್ದೀರಾ? ಬಾಡಿಗೆ ಮನೆಗೆ ಸಹಿ ಹಾಕೋ ಮುಂಚೆ ಆ ವಿಳಾಸ ಯಾವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ, ಸೇರುತ್ತದೆ ಅಂತ ಡಿಸ್ಟ್ರಿಕ್ಟ್ ಕಚೇರಿಗೇ ಫೋನ್ ಮಾಡಿ ಕೇಳಿ. ವರ್ಜೀನಿಯಾದಲ್ಲಿ ಸಾಮಾನ್ಯವಾಗಿ ಇಡೀ ಕೌಂಟಿಗೆ ಒಂದೇ ಶಾಲಾ ಆಡಳಿತ. ಟೆಕ್ಸಾಸ್‌ನಲ್ಲಿ ಹಾಗಲ್ಲ, ರಸ್ತೆ ದಾಟಿದರೆ ಡಿಸ್ಟ್ರಿಕ್ಟೇ ಬೇರೆ ಆಗಿರಬಹುದು.

ಮನೆ ಹುಡುಕುವ ಆ್ಯಪ್‌ನಲ್ಲಿ ಶಾಲೆಗೆ ಹತ್ತಕ್ಕೆ ಇಷ್ಟು ಅಂತ ಕೊಟ್ಟಿರೋ ಅಂಕ ನೋಡಿ ಸುಮ್ನೆ ತೀರ್ಮಾನ ಮಾಡಬೇಡಿ. 2015ರ ಫೆಡರಲ್ ಕಾನೂನಿನ ಪ್ರಕಾರ ಪ್ರತಿ ರಾಜ್ಯವೂ ಶಾಲೆಗಳ ರಿಪೋರ್ಟ್ ಕಾರ್ಡ್ ಪ್ರಕಟಿಸಲೇಬೇಕು, ಅದನ್ನು ತೆಗೆದು ಓದಿ. ತರಗತಿಯಲ್ಲಿ ಹದಿನೈದೇ ಮಕ್ಕಳಿದ್ದರೆ ಇಬ್ಬರು ಮೂವರು ಎಡವಿದರೂ ಶಾಲೆಯ ಫಲಿತಾಂಶ ದಿಢೀರ್ ಅಂತ ಕುಸಿಯುತ್ತದೆ, ಹಾಗಾಗಿ ಒಂದು ವರ್ಷದ್ದಲ್ಲ, ಮೂರ್ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಬೇಕು. ನಾನಂತೂ ಮೊದಲು ನೋಡೋದು ಗೈರುಹಾಜರಿ. ಶಾಲೆಯ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಜಾಸ್ತಿ ತಪ್ಪಿಸುವ ಮಕ್ಕಳ ಲೆಕ್ಕ ಅದರಲ್ಲೇ ಇರುತ್ತದೆ.

ಆಮೇಲೆ ಶಾಲೆಗೆ ಫೋನ್ ಮಾಡಿ. ನಿಮ್ಮ ಮನೆ ಹತ್ತಿರ ಬಸ್ ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತದೆ, ಮಗು ಎಷ್ಟು ಹೊತ್ತು ಬಸ್ಸಲ್ಲೇ ಕೂರಬೇಕು? ಮಿಸೌರಿ, ಕೊಲರಾಡೊ ಹಳ್ಳಿಗಳ ಕಡೆ ವಾರಕ್ಕೆ ನಾಲ್ಕೇ ದಿನ ನಡೆಯುವ ಶಾಲೆಗಳು ಬೇಕಾದಷ್ಟಿವೆ, ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಐದನೇ ದಿನ ಮಗುವನ್ನು ನೋಡಿಕೊಳ್ಳೋರು ಯಾರು ಅಂತ ಈಗಲೇ ಯೋಚಿಸಬೇಕು, ಅಲ್ವಾ? ಹೈಸ್ಕೂಲ್ ಮಕ್ಕಳಿದ್ದರೆ ಫಿಸಿಕ್ಸ್, ಕ್ಯಾಲ್ಕುಲಸ್ ಪ್ರತಿ ವರ್ಷ ಇದೆಯಾ, ಇಲ್ಲದಿದ್ದರೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕಲಿಯೋಕೆ ಬಿಡ್ತಾರಾ ಅಂತ ಕೇಳಿ. ದಾಖಲಾತಿ ಫಾರಂನಲ್ಲಿ ಮನೆಮಾತು ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಡಬಹುದು, ಗಾಬರಿ ಬೇಡ, ಸಹಾಯ ಬೇಕಾದ ಮಕ್ಕಳನ್ನು ಗುರುತಿಸೋಕೆ ಅದು. ಸ್ಕೂಲ್ ಬೋರ್ಡ್, ಅಂದರೆ ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿಯ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು. ಹೋಗೋಕೆ ಆಗದಿದ್ದರೆ ನಡಾವಳಿ ಓದಿ, ಮೇಷ್ಟ್ರುಗಳ ರಾಜೀನಾಮೆ ತಿಂಗಳು ತಿಂಗಳೂ ಕಾಣ್ತಿದ್ದರೆ ಪಕ್ಕದ ಡಿಸ್ಟ್ರಿಕ್ಟ್‌ನಲ್ಲಿ ಮನೆ ಹುಡುಕಿ.